ಗ್ರಾನೋಲಾ ಮತ್ತು ಮತಪತ್ರ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಉಣ್ಣುವ ವಿಷಯದಲ್ಲಿ ನಮ್ಮ ನಾಲಿಗೆಯೇ ಯಜಮಾನ, ಉಡುವ ತೊಡುವ ವಿಷಯದಲ್ಲಿ ನೋಡುವವರ ಕಣ್ಣನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಹಾಗಾದರೆ ಮತ ಹಾಕುವುದು ಯಾರ ಇಚ್ಛೆ? ಗುರುತು ಹಾಕುವ ಕೈ ನಮ್ಮದು, ಆದರೆ ಅದರ ಫಲವನ್ನು ಊರೆಲ್ಲ ಉಣ್ಣಬೇಕು. ಏನೆಂದು ತಿಳಿಯದೆ ತಿಂದರೆ ಕೆಡುವುದು ನಮ್ಮ ಹೊಟ್ಟೆ ಒಂದೇ. ಏನೆಂದು ತಿಳಿಯದೆ ಮತ ಹಾಕಿದರೆ ಪಕ್ಕದ ಮನೆಯವರ ಹೊಟ್ಟೆಯೂ ಕೆಡಬಹುದು. ಹಾಗೆಂದು ಎಲ್ಲವನ್ನೂ ತಿಳಿದೇ ಮತ ಹಾಕುತ್ತೇವೆ ಎಂದು ಹೊರಟರೆ ಜೀವಮಾನವೇ ಸಾಲದು. ಒಬ್ಬ ಪ್ರಜೆ ಎಷ್ಟು ತಿಳಿದಿರಬೇಕು? ತಿಳಿಯದಿದ್ದಾಗ ಏನು ಮಾಡಬೇಕು? ಈ ಪ್ರಶ್ನೆಯನ್ನು ನಾವು ಗ್ರಾನೋಲಾ ಹುರಿಯುತ್ತ ಯೋಚಿಸಿದ್ದೇವೆ. ನಗಬೇಡಿ, ಸಂಬಂಧ ಇದೆ.

ವಾರದ ದಿನಗಳಲ್ಲಿ ಉಪ್ಪಿಟ್ಟು, ಅವಲಕ್ಕಿ ಮಾಡಲು ಬಿಡುವಿಲ್ಲದ ನಮ್ಮಂಥ ಎಷ್ಟೋ ಮನೆಗಳಲ್ಲಿ ಬೆಳಗಿನ ತಿಂಡಿ ಎಂದರೆ ಹಾಲು ಅಥವಾ ಮೊಸರಿನ ಜೊತೆ ಒಂದು ಬಟ್ಟಲು ಗ್ರಾನೋಲಾ. ಇದು ಹುಟ್ಟಿದ್ದು ಅಮೆರಿಕಾದ ಆರೋಗ್ಯಧಾಮಗಳಲ್ಲಿ. ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್ ಎಂಬ ಊರಿನಲ್ಲಿ ಜೇಮ್ಸ್ ಕೇಲಬ್ ಜ್ಯಾಕ್ಸನ್ ಎಂಬ ವೈದ್ಯರು 1863ರಲ್ಲಿ ಇಡಿಗೋಧಿ ಹಿಟ್ಟನ್ನು ನಾದಿ, ಬೇಯಿಸಿ, ಒಡೆದು, ಮತ್ತೆ ಬೇಯಿಸಿ ಗಟ್ಟಿ ಹರಳುಗಳನ್ನು ಮಾಡಿದರು. ಅದಕ್ಕೆ ಗ್ರಾನ್ಯುಲಾ ಎಂದು ಹೆಸರು. ರಾತ್ರಿಯೆಲ್ಲ ಹಾಲಿನಲ್ಲಿ ನೆನೆಸದಿದ್ದರೆ ಹಲ್ಲಿಗೆ ಬಗ್ಗುತ್ತಿರಲಿಲ್ಲವಂತೆ. ಮುಂದೆ ಮಿಷಿಗನ್ನಿನ ಬ್ಯಾಟಲ್ ಕ್ರೀಕ್‌ನಲ್ಲಿ ಡಾ. ಜಾನ್ ಹಾರ್ವಿ ಕೆಲಾಗ್ ಅಂಥದೇ ತಿನಿಸು ಮಾಡಿ ಅದೇ ಹೆಸರಿಟ್ಟಾಗ ತಕರಾರು ಎದ್ದಿತು, ಒಂದು ಅಕ್ಷರ ಬದಲಾಗಿ ಗ್ರಾನೋಲಾ ಆಯಿತು. ಆಮೇಲೆ ಬಹುಕಾಲ ಮೂಲೆಗುಂಪಾಗಿದ್ದ ಈ ಪದಾರ್ಥವನ್ನು 1960ರ ದಶಕದಲ್ಲಿ ಉದ್ದ ಕೂದಲಿನ ತರುಣರು ಓಟ್ಸ್, ಜೇನು, ಬೀಜಗಳನ್ನು ಸೇರಿಸಿ ಮತ್ತೆ ಚಾಲ್ತಿಗೆ ತಂದರು. ಕಾರ್ಖಾನೆಯ ಊಟ ನಮಗೆ ಬೇಡ ಎಂದು ಹೇಳುವ ಒಂದು ವಿಧಾನ ಅದು. ಹತ್ತು ವರ್ಷ ಕಳೆಯುವುದರೊಳಗೆ ಕಾರ್ಖಾನೆಗಳೇ ಅದನ್ನು ಡಬ್ಬಕ್ಕೆ ತುಂಬಿ ಮಾರತೊಡಗಿದವು!

ನಾವು ಮನೆಯಲ್ಲಿ ಮಾಡಲು ಶುರುಮಾಡಿದ್ದು ಅಂಥ ಒಂದು ಡಬ್ಬದ ಹಿಂಬದಿಯನ್ನು ಓದಿದ ಮೇಲೆ. ಮುಂಭಾಗದಲ್ಲಿ ಹಸಿರು ಹೊಲ, ಸೂರ್ಯೋದಯ, "ನೈಸರ್ಗಿಕ" ಎಂಬ ದಪ್ಪ ಅಕ್ಷರ. ಹಿಂಬದಿಯಲ್ಲಿ ಸಾಸಿವೆ ಗಾತ್ರದ ಅಕ್ಷರಗಳಲ್ಲಿ ಸಾಮಗ್ರಿಗಳ ಪಟ್ಟಿ. ಈ ದೇಶದ ಕಾನೂನಿನ ಪ್ರಕಾರ ಯಾವುದು ತೂಕದಲ್ಲಿ ಹೆಚ್ಚೋ ಅದರ ಹೆಸರು ಮೊದಲು ಬರಬೇಕು. ಈ ಡಬ್ಬದ ಮೇಲೆ ಓಟ್ಸ್ ಮೊದಲು ಇತ್ತು. ಅದರ ಹಿಂದೆಯೇ ಕೇನ್ ಶುಗರ್, ಸ್ವಲ್ಪ ಕೆಳಗೆ ಬ್ರೌನ್ ರೈಸ್ ಸಿರಪ್, ಇನ್ನೂ ಕೆಳಗೆ ಜೇನು, ಕೊನೆಯಲ್ಲಿ ಮೊಲಾಸಿಸ್. ನಾಲ್ಕೂ ಸಿಹಿಯೇ. ಒಂದೇ ಹೆಸರಿನಲ್ಲಿ ಒಟ್ಟಿಗೆ ಬಂದಿದ್ದರೆ ಪಟ್ಟಿಯಲ್ಲಿ ಎಷ್ಟು ಮೇಲಿರುತ್ತಿದ್ದವೋ! ಇಲ್ಲಿ ಸುಳ್ಳೇನೂ ಇಲ್ಲ, ಎಲ್ಲವೂ ಕಾನೂನಿಗೆ ಸರಿಯಾಗಿದೆ. ಆದರೆ ಓದುವವನಿಗೆ ಕೂಡಿಸಲು ಬರಬೇಕು ಅಷ್ಟೆ.

ಮಾಡುವ ವಿಧಾನ ಬಹಳ ಸುಲಭ. ನಾಲ್ಕು ಕಪ್ ರೋಲ್ಡ್ ಓಟ್ಸ್, ಒಂದು ಕಪ್ ಒಡೆದ ಬಾದಾಮಿ ಮತ್ತು ಗೋಡಂಬಿ, ಅರ್ಧ ಕಪ್ ಕುಂಬಳಬೀಜ, ಅರ್ಧ ಕಪ್ ತೆಳ್ಳಗೆ ಹೆಚ್ಚಿದ ಕೊಬ್ಬರಿ, ಎರಡು ಚಮಚ ಎಳ್ಳು, ಚಿಟಿಕೆ ಉಪ್ಪು, ಏಲಕ್ಕಿ ಪುಡಿ. ಅರ್ಧ ಕಪ್ ಪುಡಿ ಬೆಲ್ಲವನ್ನು ಎರಡು ಚಮಚ ನೀರಿನಲ್ಲಿ ಕರಗಿಸಿ ಸೋಸಿ, ಮೂರನೇ ಒಂದು ಕಪ್ ಕೊಬ್ಬರಿ ಎಣ್ಣೆಯೊಡನೆ ಬಿಸಿಮಾಡಿ ಎಲ್ಲಕ್ಕೂ ಹಿಡಿಯುವಂತೆ ಕಲಸಬೇಕು. ತಟ್ಟೆಯಲ್ಲಿ ಹರಡಿ 300 ಡಿಗ್ರಿ ಫ್ಯಾರನ್‌ಹೀಟ್ ಓವನ್ನಿನಲ್ಲಿ ಮುಕ್ಕಾಲು ಗಂಟೆಯ ತನಕ ಇಟ್ಟು, ನಡುವೆ ಎರಡು ಬಾರಿ ಕೈಯಾಡಿಸಬೇಕು. ಹೊರಗೆ ತೆಗೆದಾಗ ಮೆತ್ತಗೇ ಇರುತ್ತದೆ, ಗಾಬರಿ ಬೇಡ. ಆರಿದ ಮೇಲೆ ಗರಿಗರಿಯಾಗುತ್ತದೆ. ದ್ರಾಕ್ಷಿಯನ್ನು ಕೊನೆಗೆ ಹಾಕಿ, ಮೊದಲೇ ಹಾಕಿದರೆ ಇದ್ದಿಲಾಗುತ್ತದೆ.

ಬೆಲ್ಲ ಹಾಕಿದ ಮಾತ್ರಕ್ಕೆ ಇದು ಔಷಧವಾಗುವುದಿಲ್ಲ. ದೇಹದ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ. ಅಂಗಡಿಯದಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಎಂದರೆ ಎಷ್ಟು ಹಾಕಿದೆವು ಎಂಬುದು ನಮಗೆ ಗೊತ್ತು, ಬೇಡವೆಂದರೆ ಮುಂದಿನ ಸಲ ಕಡಿಮೆ ಮಾಡಬಹುದು. ನಾವು ಇದನ್ನೇ ಅರಿವು ಎಂದು ಕರೆಯುತ್ತೇವೆ. ಅದು ಪರಿಶುದ್ಧವಾದುದನ್ನೇ ತಿನ್ನುವ ವ್ರತವಲ್ಲ. ತಟ್ಟೆಯಲ್ಲಿ ಇರುವುದು ಏನು, ಎಷ್ಟು ಎಂದು ಹೇಳಬಲ್ಲ ಸ್ಥಿತಿ.

ಡಬ್ಬದ ಹಿಂಬದಿಯ ಆ ಪಟ್ಟಿ ತಾನಾಗಿಯೇ ಬಂದದ್ದಲ್ಲ. ಕೃಷಿ ಇಲಾಖೆಯ ರಸಾಯನಶಾಸ್ತ್ರಜ್ಞ ಹಾರ್ವಿ ವೈಲಿ 1902ರಲ್ಲಿ ಒಂದಷ್ಟು ತರುಣ ಸ್ವಯಂಸೇವಕರಿಗೆ ಆಗ ಆಹಾರಕ್ಕೆ ಬೆರೆಸುತ್ತಿದ್ದ ಬೋರಾಕ್ಸ್ ಮುಂತಾದ ರಾಸಾಯನಿಕಗಳನ್ನು ಊಟದಲ್ಲಿ ಕೊಟ್ಟು ಪರಿಣಾಮ ನೋಡತೊಡಗಿದರು. ಪತ್ರಿಕೆಗಳು ಅವರನ್ನು ವಿಷದ ತಂಡ ಎಂದು ಕರೆದವು. ಆ ಪ್ರಯೋಗಗಳೂ, ಷಿಕಾಗೋ ಮಾಂಸದ ಕಾರ್ಖಾನೆಗಳ ಹೊಲಸನ್ನು ಬಯಲಿಗೆಳೆದ ಅಪ್ಟನ್ ಸಿಂಕ್ಲೇರ್ ಅವರ ಕಾದಂಬರಿಯೂ ಹುಟ್ಟಿಸಿದ ಆಕ್ರೋಶದಿಂದ 1906ರಲ್ಲಿ ಶುದ್ಧ ಆಹಾರದ ಕಾನೂನು ಬಂತು. ಪೌಷ್ಟಿಕಾಂಶದ ಚೌಕವನ್ನು ಕಡ್ಡಾಯ ಮಾಡಿದ್ದು 1990ರ ಕಾನೂನು. "ಸೇರಿಸಿದ ಸಕ್ಕರೆ" ಎಷ್ಟೆಂದು ಪ್ರತ್ಯೇಕ ಸಾಲಿನಲ್ಲಿ ಹೇಳಬೇಕೆಂಬ ನಿಯಮ ಆದದ್ದು 2016ರಲ್ಲಿ, ದೊಡ್ಡ ಕಂಪನಿಗಳು ಅದನ್ನು ಪಾಲಿಸಬೇಕಾಗಿ ಬಂದದ್ದು 2020ರಿಂದ. ನಮ್ಮ ಗ್ರಾನೋಲಾದಲ್ಲಿರುವ ಎಳ್ಳು ಅಲರ್ಜಿಯ ಪಟ್ಟಿಗೆ ಸೇರಿದ್ದು 2023ರ ಜನವರಿಯಲ್ಲಿ. ಪ್ರತಿಯೊಂದು ಸಾಲಿನ ಹಿಂದೆಯೂ ಯಾರೋ ಕೇಳಿದ್ದಾರೆ, ಯಾರೋ ಬೇಡವೆಂದಿದ್ದಾರೆ, ಯಾರೋ ಮತ ಹಾಕಿದ್ದಾರೆ. ಕೇಳಿದ್ದೆಲ್ಲ ಸಿಕ್ಕಿಯೂ ಇಲ್ಲ. ತಳಿ ಮಾರ್ಪಡಿಸಿದ ಆಹಾರವನ್ನು ಹಾಗೆಂದು ನಮೂದಿಸಬೇಕೆ ಎಂಬ ಪ್ರಶ್ನೆ 2012ರಲ್ಲಿ ನಮ್ಮ ಕ್ಯಾಲಿಫೋರ್ನಿಯಾದ ಮತಪತ್ರದ ಮೇಲೆ 37ನೆಯ ಪ್ರಸ್ತಾಪವಾಗಿ ಬಂದಾಗ ಶೇಕಡಾ 51ಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಬೇಡವೆಂದರು. ಮುಂದೆ 2016ರಲ್ಲಿ ಸಂಸತ್ತು ಬೇರೊಂದು ರೂಪದಲ್ಲಿ ಕಾನೂನು ಮಾಡಿ, 2022ರಿಂದ ಅದು ದೇಶಕ್ಕೆಲ್ಲ ಕಡ್ಡಾಯವಾಯಿತು. ಅಡುಗೆಮನೆಗೂ ಮತಪೆಟ್ಟಿಗೆಗೂ ಇರುವ ದೂರ ನಾವು ತಿಳಿದಷ್ಟು ದೊಡ್ಡದಲ್ಲ.

ಇನ್ನು ಮತಪೆಟ್ಟಿಗೆಯ ವಿಷಯಕ್ಕೆ ಬರೋಣ. ಅದು ನಮ್ಮವರಿಗೆ ಸುಲಭವಾಗಿ ದಕ್ಕಿದ್ದಲ್ಲ. ಈ ದೇಶದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂದ್ ಅವರಿಗೆ, ನೀವು ಬಿಳಿಯರಲ್ಲ, ಆದ್ದರಿಂದ ಪೌರರಾಗುವಂತಿಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಪಂಜಾಬಿನಿಂದ ಬಂದು ಬರ್ಕ್ಲಿಯಲ್ಲಿ ಗಣಿತ ಓದಿ, ಬೇಸಾಯ ಮಾಡುತ್ತಿದ್ದ ದಲೀಪ್ ಸಿಂಗ್ ಸೌಂದ್ 1949ರಲ್ಲಿ ಪೌರತ್ವ ಪಡೆದು, 1956ರಲ್ಲಿ ಇದೇ ಕ್ಯಾಲಿಫೋರ್ನಿಯಾದಿಂದ ಸಂಸತ್ತಿಗೆ ಆರಿಸಿ ಬಂದರು. ನಮ್ಮಲ್ಲಿ ಹೆಚ್ಚಿನವರು ಬಂದದ್ದು 1965ರ ವಲಸೆ ಕಾನೂನು ತೆರೆದ ದಾರಿಯಲ್ಲಿ.

ಕನ್ನಡದಲ್ಲಿ ಪ್ರಜೆ, ಪ್ರಜ್ಞೆ ಎಂಬ ಎರಡು ಪದಗಳಿವೆ. ಕಿವಿಗೆ ಅಣ್ಣತಮ್ಮಂದಿರಂತೆ ಕೇಳಿಸಿದರೂ ಬೇರು ಬೇರೆ. ಮೊದಲನೆಯದು ಹುಟ್ಟುವುದಕ್ಕೆ ಸಂಬಂಧಿಸಿದ್ದು, ಎರಡನೆಯದು ತಿಳಿಯುವುದಕ್ಕೆ. ಹುಟ್ಟಿನಿಂದ ನಾವು ಬೇರೊಂದು ನೆಲದ ಪ್ರಜೆಗಳು. ಇಲ್ಲಿಯ ಪ್ರಜೆಗಳಾದದ್ದು ಪರೀಕ್ಷೆಗೆ ಕೂತು, ಪ್ರಶ್ನೆಗಳಿಗೆ ಉತ್ತರ ಹೇಳಿ. 2008ರ ಪರೀಕ್ಷೆಯಲ್ಲಿ 100 ಪ್ರಶ್ನೆಗಳ ಪಟ್ಟಿಯಿಂದ 10 ಕೇಳುತ್ತಿದ್ದರು, 6ಕ್ಕೆ ಸರಿಯಾಗಿ ಹೇಳಿದರೆ ಸಾಕಿತ್ತು. 2025ರ ಅಕ್ಟೋಬರ್ 20ರಿಂದೀಚೆಗೆ ಅರ್ಜಿ ಹಾಕಿದವರಿಗೆ ಪಟ್ಟಿ 128ಕ್ಕೆ ಏರಿ, ಕೇಳುವ ಪ್ರಶ್ನೆಗಳು 20, ಬೇಕಾದ ಸರಿಯುತ್ತರಗಳು 12 ಆಗಿವೆ. ಸೆನೆಟರುಗಳು ಎಷ್ಟು ಮಂದಿ ಎಂದು ಉರುಹೊಡೆದು ಪಾಸಾದ ನಾವು, ಪ್ರಮಾಣವಚನದ ಮರುದಿನ ಪುಸ್ತಕ ಮುಚ್ಚಿಟ್ಟುಬಿಡುತ್ತೇವೆ. ನಿಜವಾದ ಪರೀಕ್ಷೆ ಅಂಚೆಯಲ್ಲಿ ಬರುವುದು ಆಮೇಲೆ.

2016ರ ಅಕ್ಟೋಬರಿನಲ್ಲಿ ಹಾಗೆ ಬಂದ ಮತಪತ್ರದಲ್ಲಿ ರಾಜ್ಯದ ಪ್ರಸ್ತಾಪಗಳೇ 17 ಇದ್ದವು. ಜೊತೆಗೆ ಕಳುಹಿಸಿದ ಮಾರ್ಗದರ್ಶಿ ಪುಸ್ತಿಕೆ 224 ಪುಟ! ನಮ್ಮ ಮನೆಯಲ್ಲಿ ಆ ವರ್ಷ ಹೊಸ ಮತದಾರರೊಬ್ಬರು ಇದ್ದರು, 73 ವರ್ಷದ ಅಮ್ಮ. 55 ವರ್ಷ ದಾಟಿ, 15 ವರ್ಷ ಖಾಯಂ ನಿವಾಸಿಯಾಗಿ ಇದ್ದವರಿಗೆ ಇಂಗ್ಲಿಷ್ ಕಡ್ಡಾಯವಲ್ಲವಾದ್ದರಿಂದ ದುಭಾಷಿಯ ಮೂಲಕ ಕನ್ನಡದಲ್ಲೇ ಉತ್ತರ ಹೇಳಿ ಪೌರತ್ವ ಪಡೆದವರು. ಹಿಂದೆ ಮೈಸೂರು ರಾಜ್ಯದಲ್ಲಿ ಜೋಡೆತ್ತು, ದೀಪ, ಗುಡಿಸಲು ಎಂದು ಚಿತ್ರ ನೋಡಿ ಮತ ಹಾಕಿದ್ದವರಿಗೆ ಇಲ್ಲಿಯ ಉದ್ದುದ್ದ ಕಾಗದ ನೋಡಿ ತಲೆ ತಿರುಗಿತು. "ನೀವೇ ಹೇಳ್ರಪ್ಪ, ಎಲ್ಲಿ ಗುರುತು ಹಾಕಲಿ? ನಿಮಗಿಂತ ನಂಗೇನು ಹೆಚ್ಚು ಗೊತ್ತು," ಎಂದರು.

ಇಂಥ ಮಾತು ಎಷ್ಟು ಮನೆಗಳಲ್ಲಿ ಕೇಳಿಬರುತ್ತದೆಯೋ! ಪ್ರೀತಿಯ ಮಾತು, ನಂಬಿಕೆಯ ಮಾತು. ಒಪ್ಪಿಕೊಂಡರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಓದಿ ಹೇಳಲು ನೆರವು ಕೊಡುವುದು ಬೇರೆ, ಅವರ ಪರವಾಗಿ ತೀರ್ಮಾನಿಸುವುದು ಬೇರೆ. ಎರಡನೆಯದನ್ನು ಮಾಡಿದರೆ ನಮ್ಮ ಮನೆಯಿಂದ ಮೂರು ಲಕೋಟೆ ಹೋಗುತ್ತದೆ, ಅಭಿಪ್ರಾಯ ಒಂದೇ ಹೋಗುತ್ತದೆ. ಅಮ್ಮ ಪಟ್ಟ ಪೌರತ್ವದ ಶ್ರಮಕ್ಕೆ ಅರ್ಥವೇನು ಉಳಿಯಿತು?

ಆದ್ದರಿಂದ ಭಾನುವಾರ ಗ್ರಾನೋಲಾ ಓವನ್ನಿನಲ್ಲಿದ್ದಾಗ ಊಟದ ಮೇಜಿನ ಮೇಲೆ ಪುಸ್ತಿಕೆ ಹರಡಿ ಕನ್ನಡದಲ್ಲಿ ಹೇಳತೊಡಗಿದೆವು. ಅನುವಾದಕನ ಕೈಯಲ್ಲಿ ಎಷ್ಟು ಅಧಿಕಾರವಿದೆ ಎಂಬುದು ಆಗ ಅರ್ಥವಾಯಿತು. "ತೆರಿಗೆ ಹಾಕ್ತಾರೆ" ಎನ್ನಬಹುದು, "ಶಾಲೆಗೆ ದುಡ್ಡು ಕೊಡ್ತಾರೆ" ಎನ್ನಬಹುದು, ಎರಡೂ ಒಂದೇ ಪ್ರಸ್ತಾಪದ ಬಗ್ಗೆ. ದನಿಯನ್ನು ಸ್ವಲ್ಪ ಏರಿಸಿದರೂ ಸಾಕು, ತೂಕ ಒಂದು ಕಡೆ ವಾಲುತ್ತದೆ. ಪರ ಇರುವವರ ವಾದವನ್ನು ಒಬ್ಬರು, ವಿರುದ್ಧ ಇರುವವರ ವಾದವನ್ನು ಇನ್ನೊಬ್ಬರು ಹೇಳಬೇಕೆಂದು ನಮ್ಮಲ್ಲೇ ನಿಯಮ ಮಾಡಿಕೊಂಡೆವು. ನಮ್ಮ ಅಭಿಪ್ರಾಯ ಕೇಳಿದರೆ ಮಾತ್ರ ಕೊನೆಯಲ್ಲಿ.

ಆ ವರ್ಷ ಪ್ಲಾಸ್ಟಿಕ್ ಚೀಲದ ಬಗ್ಗೆಯೇ ಎರಡು ಪ್ರಸ್ತಾಪಗಳಿದ್ದವು. ತೆಳು ಚೀಲಗಳನ್ನು ನಿಷೇಧಿಸುವ 2014ರ ಕಾನೂನು ಉಳಿಯಬೇಕೆ ಎಂಬುದು 67ನೆಯದು. ಇಲ್ಲಿ ಹೌದು ಎಂದರೆ ಚೀಲ ಬೇಡ ಎಂದರ್ಥ, ಇಲ್ಲ ಎಂದರೆ ಚೀಲ ಬೇಕು ಎಂದರ್ಥ! ಅಂಗಡಿಯವರು ಚೀಲಕ್ಕೆ ತೆಗೆದುಕೊಳ್ಳುವ ಹಣ ಪರಿಸರದ ನಿಧಿಗೆ ಹೋಗಲಿ ಎಂಬುದು 65ನೆಯದು. ಕೇಳಲು ಎಷ್ಟು ಚೆನ್ನಾಗಿದೆ. ಹಾಲಿನ ಚೀಲವನ್ನೂ ತೊಳೆದು ಒಣಗಿಸಿ ಮಡಚಿಡುವ ಕಾಲದವರಾದ ಅಮ್ಮ ಕನ್ನಡಕ ಸರಿಮಾಡಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಚೀಲ ಮಾಡೋರು ಯಾವ ಕಡೆ ಇದಾರೆ?" ಸರ್ಕಾರ ಪ್ರಕಟಿಸುವ ದೇಣಿಗೆದಾರರ ಪಟ್ಟಿ ತೆಗೆದು ನೋಡಿದರೆ, ಪರಿಸರದ ಹೆಸರು ಹೊತ್ತ 65ನೆಯ ಪ್ರಸ್ತಾಪದ ಬೆನ್ನಿಗೆ ಇದ್ದದ್ದು ಚೀಲ ತಯಾರಕರೇ. ಅಮ್ಮ, "ಹೂಂ," ಎಂದರು, ಅಷ್ಟೆ. ಸಂತೆಯಲ್ಲಿ ಬೆಲ್ಲದ ಅಚ್ಚನ್ನು ಮುರಿದು ಒಳಗಿನ ಬಣ್ಣ ನೋಡಿ ಕೊಳ್ಳುತ್ತಿದ್ದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅವರಿಗೆ ಸಂತೆಯಲ್ಲೇ ಬಂದ ವಿದ್ಯೆ. ಕೆಲವು ಪ್ರಸ್ತಾಪಗಳಿಗೆ, "ಇದು ನಂಗೆ ತಿಳೀಲಿಲ್ಲ, ಹಾಗೇ ಬಿಡ್ತೀನಿ," ಎಂದರು. ಉಳಿದವಕ್ಕೆ ಸೆರಗು ಮರೆಮಾಡಿಕೊಂಡು ಗುರುತು ಹಾಕಿ, ಲಕೋಟೆ ಅಂಟಿಸಿ, ಸಹಿ ಮಾಡಿದರು. ಯಾವುದಕ್ಕೆ ಏನು ಹಾಕಿದರೆಂದು ಇಂದಿಗೂ ನಮಗೆ ಗೊತ್ತಿಲ್ಲ. ಗೊತ್ತಿರಬಾರದು ಕೂಡ.

ಫಲಿತಾಂಶ ಬಂದಾಗ 67 ಗೆದ್ದು 65 ಸೋತಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮತ್ತೆ ಬಳಸಬಹುದೆಂದು ಆ ಕಾನೂನು ಬಿಟ್ಟಿದ್ದ ದಪ್ಪ ಚೀಲಗಳನ್ನೂ ಜನ ಒಂದೇ ಸಲ ಬಳಸಿ ಎಸೆಯತೊಡಗಿದರು. ಕೊನೆಗೆ 2024ರಲ್ಲಿ ಇನ್ನೊಂದು ಕಾನೂನು ಮಾಡಿ, 2026ರ ಜನವರಿಯಿಂದ ಅವನ್ನೂ ನಿಲ್ಲಿಸಬೇಕಾಯಿತು. ತಿಳಿದು ಹಾಕಿದ ಮತವೂ ಎಲ್ಲವನ್ನೂ ಮುಂಗಾಣುವುದಿಲ್ಲ. ಓವನ್ನಿನಲ್ಲಿ ಇಟ್ಟ ಮೇಲೂ ಎರಡು ಬಾರಿ ಬಾಗಿಲು ತೆರೆದು ಕೈಯಾಡಿಸಲೇಬೇಕು.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಇಷ್ಟೆಲ್ಲ ತಿಳಿಯಲಾಗದವರು ಮತ ಹಾಕದಿರುವುದೇ ಒಳ್ಳೆಯದಲ್ಲವೆ ಎಂದು ಓದಿದವರ ಕೂಟಗಳಲ್ಲಿ ಆಗಾಗ ಕೇಳುತ್ತೇವೆ. ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಪತ್ರಕರ್ತ ವಾಲ್ಟರ್ ಲಿಪ್‌ಮನ್ 1925ರಲ್ಲಿ ಬರೆದ ಪುಸ್ತಕದಲ್ಲಿ, ದುಡಿದು ಮನೆಗೆ ಬರುವ ಸಾಮಾನ್ಯ ಮನುಷ್ಯ ಎಲ್ಲ ಸಾರ್ವಜನಿಕ ವಿಷಯಗಳನ್ನೂ ಬಲ್ಲವನಾಗಬೇಕೆಂಬ ಆದರ್ಶವೇ ಭ್ರಮೆ ಎಂದು ವಾದಿಸಿದರು. ಎರಡು ವರ್ಷದ ನಂತರ ತತ್ತ್ವಜ್ಞಾನಿ ಜಾನ್ ಡ್ಯೂಯಿ ಅದಕ್ಕೆ ಉತ್ತರವಾಗಿ, ತಜ್ಞರು ಪರಿಹಾರ ಹುಡುಕಬಹುದು, ಆದರೆ ನೋವು ಎಲ್ಲಿದೆಯೆಂದು ಅನುಭವಿಸುವವರೇ ಹೇಳಬೇಕು, ಜೊತೆಗೂಡಿ ಮಾತಾಡುವುದರಿಂದಲೇ ಜನ ತಿಳಿವಳಿಕೆ ಗಳಿಸುತ್ತಾರೆ ಎಂಬ ಅಭಿಪ್ರಾಯ ಮುಂದಿಟ್ಟರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇದೇ ಡ್ಯೂಯಿಯವರ ಶಿಷ್ಯರಾಗಿದ್ದವರು ಡಾ. ಅಂಬೇಡ್ಕರ್.

ಚರಿತ್ರೆ ಏನು ಹೇಳುತ್ತದೆ ನೋಡಿ. ಅಮೆರಿಕಾದ ದಕ್ಷಿಣದ ರಾಜ್ಯಗಳಲ್ಲಿ ಮತದಾರನಿಗೆ ಓದುಬರಹದ ಪರೀಕ್ಷೆ ಇಟ್ಟಿದ್ದರು. ಹೆಸರು ತಿಳಿವಳಿಕೆಯದು, ಉದ್ದೇಶ ಕಪ್ಪು ಜನರನ್ನು ಹೊರಗಿಡುವುದು. ಪ್ರಶ್ನೆ ಕೇಳುವವನೇ ಪಾಸು ಫೇಲು ನಿರ್ಧರಿಸುತ್ತಿದ್ದ. 1965ರ ಮತದಾನದ ಹಕ್ಕಿನ ಕಾನೂನು ಬರುವ ತನಕ ಅದು ನಡೆಯಿತು. ಭಾರತ ಹಿಡಿದ ದಾರಿ ಬೇರೆ. 1951ರ ಜನಗಣತಿಯಲ್ಲಿ ಅಕ್ಷರಸ್ಥರು ಶೇಕಡಾ 18ರಷ್ಟು ಮಾತ್ರ. ಆದರೂ 1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 17 ಕೋಟಿ ಮತದಾರರಿಗೆ ಯಾವ ಪರೀಕ್ಷೆಯೂ ಇರಲಿಲ್ಲ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಅವರ ಉಸ್ತುವಾರಿಯಲ್ಲಿ ಪೆಟ್ಟಿಗೆಗಳ ಮೇಲೆ ಚಿತ್ರಗಳನ್ನು ಅಂಟಿಸಿದರು. ಜನ ಬಂದರು.

ಆದ್ದರಿಂದ ನಮಗೆ ತೋಚುವುದು ಇಷ್ಟು. ತಿಳಿದುಕೊಳ್ಳುವುದು ನಮ್ಮ ಮೇಲೆ ನಾವು ಹಾಕಿಕೊಳ್ಳಬೇಕಾದ ಕರ್ತವ್ಯ. ಅದನ್ನು ಇನ್ನೊಬ್ಬರನ್ನು ಸೋಸಿ ಹೊರಹಾಕುವ ಜರಡಿ ಮಾಡಬಾರದು. ತಿಳಿದಿರಲಿಲ್ಲ ಎಂಬುದು ಎಲ್ಲ ಸಲವೂ ತಪ್ಪಲ್ಲ. ತಿಳಿಯಲು ಸಾಧ್ಯವಿದ್ದೂ, ತಿಳಿದರೆ ಮನಸ್ಸು ಬದಲಾಯಿಸಬೇಕಾದೀತು ಎಂದು ಕಣ್ಣು ಮುಚ್ಚಿಕೊಳ್ಳುವುದು ತಪ್ಪು. ಮತದ ಬದಲು ನಮ್ಮ ಜಾತಿಯವರು, ನಮ್ಮ ಭಾಷೆಯವರು, ನಮ್ಮ ಗುಂಪಿನವರು ಕಳುಹಿಸಿದ ಪಟ್ಟಿಯನ್ನು ನಕಲು ಮಾಡುವುದು ಡಬ್ಬದ ಮುಂಭಾಗವನ್ನಷ್ಟೇ ಓದಿದಂತೆ. ವಾಟ್ಸಾಪಿನಲ್ಲಿ ಬಂದದ್ದನ್ನು ಓದದೆ ಮುಂದೂಡುವುದು ಅದಕ್ಕಿಂತ ಕೆಟ್ಟದ್ದು. ಅದು ನಾವು ರುಚಿ ನೋಡದೆ ನೆಂಟರಿಗೆ ಬಡಿಸಿದಂತೆ.

ಎಷ್ಟು ತಿಳಿಯಬೇಕು ಎಂಬುದಕ್ಕೂ ಒಂದು ಅಳತೆ ಇಟ್ಟುಕೊಳ್ಳಬಹುದು. ಪ್ರತಿ ಪ್ರಸ್ತಾಪಕ್ಕೂ ಮೂರು ವಿಷಯ ಸಾಕು. ಹೌದು ಎಂದರೆ ಏನಾಗುತ್ತದೆ, ಇಲ್ಲ ಎಂದರೆ ಏನಾಗುತ್ತದೆ? ಖರ್ಚು ಎಷ್ಟು, ಯಾರ ಜೇಬಿನಿಂದ? ಪ್ರಚಾರಕ್ಕೆ ಹಣ ಕೊಟ್ಟವರು ಯಾರು? ಪುಸ್ತಿಕೆಯಲ್ಲಿ ಪಕ್ಷಾತೀತವಾದ ಶಾಸನ ವಿಶ್ಲೇಷಕರ ಕಚೇರಿ ಬರೆದ ಭಾಗ ಮೊದಲೆರಡಕ್ಕೆ ಉತ್ತರ ಕೊಡುತ್ತದೆ. ನಾಲ್ಕು ಮನೆಯವರು ಸೇರಿ ನಾಲ್ಕು ನಾಲ್ಕು ಪ್ರಸ್ತಾಪ ಹಂಚಿಕೊಂಡು ಓದಿ, ಒಂದು ಸಂಜೆ ಕೂತು ಒಬ್ಬರಿಗೊಬ್ಬರು ಹೇಳಬಹುದು. ಏನು ಬರೆದಿದೆ ಎಂದು ಹೇಳಿದರೆ ಸಾಕು, ಹೀಗೆ ಹಾಕಿ ಎಂದು ಹೇಳುವುದು ಬೇಡ. ಅಷ್ಟಾದರೂ ತಿಳಿಯದಿದ್ದರೆ ಆ ಸಾಲನ್ನು ಖಾಲಿ ಬಿಡಬಹುದು. ಒಂದು ಸಾಲು ಖಾಲಿ ಬಿಟ್ಟರೆ ಉಳಿದ ಮತಗಳು ಕೆಡುವುದಿಲ್ಲ.

ಇನ್ನೂ ಪೌರತ್ವ ಪಡೆಯದವರು, ಇದೆಲ್ಲ ನಮಗಲ್ಲ ಎಂದುಕೊಳ್ಳಬೇಡಿ. ನಗರಸಭೆ, ಶಾಲಾ ಮಂಡಳಿಗಳ ಸಭೆಗಳು ಬಹಿರಂಗವಾಗಿ ನಡೆಯಬೇಕೆಂದು ಕ್ಯಾಲಿಫೋರ್ನಿಯಾದಲ್ಲಿ 1953ರಿಂದ ಕಾನೂನಿದೆ. ಅಲ್ಲಿ ಎದ್ದು ನಿಂತು ಮಾತಾಡಲು ವೀಸಾ ಯಾವುದೆಂದು ಯಾರೂ ಕೇಳುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಅಲ್ಲಿಯ ಮತದಾರರ ಪಟ್ಟಿಗೆ ಸೇರಲೂ ಅವಕಾಶವಿದೆ, ಆದರೆ ಮತ ಹಾಕಲು ಊರಿಗೇ ಹೋಗಬೇಕು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು 16 ವರ್ಷಕ್ಕೇ ಹೆಸರು ಮುಂಗಡವಾಗಿ ನೋಂದಾಯಿಸಿ, 18 ತುಂಬಿದಾಗ ಮತದಾರರಾಗಬಹುದು. ಅವರು ಹುಟ್ಟಿನಿಂದ ಪ್ರಜೆಗಳು, ಯಾವ ಪರೀಕ್ಷೆಯೂ ಇಲ್ಲ. ಅವರಿಗೆ ಪ್ರಶ್ನೆ ಕೇಳುವ ಅಭ್ಯಾಸ ಬರುವುದು ಮನೆಯಿಂದಲೇ. ಮೊದಲು ಡಬ್ಬ ತಿರುಗಿಸಿ ಓದಲು ಕಲಿಸೋಣ. ಮುಂದಿನ ಚುನಾವಣೆಯ ಪುಸ್ತಿಕೆ ಅಂಚೆಯಲ್ಲಿ ಬಂದಾಗ ಅದನ್ನು ಹಳೆಯ ಕಾಗದದ ಜೊತೆ ಎಸೆಯದೆ, ಮೇಜಿನ ಮೇಲೆ ಅವರ ಕೈಗೆ ಸಿಗುವಂತೆ ಇಡೋಣ.